ಟರ್ಕಿಯಲ್ಲಿ ನಾನು ಕೆಡಿಸಿದ ಒಣದ್ರಾಕ್ಷಿ

ತಿಕೋಟಾ

ತಿಕೋಟಾದ ಕಾರ್ಖಾನೆಯ ಹೆಂಗಸೊಬ್ಬಳು ಒಣದ್ರಾಕ್ಷಿ ತೊಳೆಯುವುದನ್ನು ಕಲಿಯಲು ಟರ್ಕಿಗೆ ಹೋಗುತ್ತಾಳೆ ಎಂದರೆ ಯಾರಿಗಾದರೂ ನಗು ಬರುವುದೇ. ವಿಜಯಪುರದಲ್ಲಿ ನಮ್ಮ ಓಣಿಯವರು ನಕ್ಕರು. ಕಾರ್ಖಾನೆಯಲ್ಲಿ ನಕ್ಕರು. ಜೈನಾಪುರದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ನನ್ನ ಅಣ್ಣನಂತೂ ಫೋನಿನಲ್ಲಿ ಮಾತು ಮುಂದುವರಿಸಲಾಗದಷ್ಟು ನಕ್ಕ.

"ಮಣೂಕ ತೊಳಿಯಾಕ ವಿಮಾನ ಯಾಕ ಬೇಕ ಬೇ? ನಮ್ಮ ಶೆಡ್ಡಿಗೆ ಬಾ, ನಿಮ್ಮ ವೈನಿ ಕಲಸ್ತಾಳ."

ನಾನು ನಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಯಾಕೆಂದು ಹೇಳಿಬಿಡುತ್ತೇನೆ. ನಾನು ಎಂಜಿನಿಯರಾಗಿ ಕೆಲಸ ಮಾಡುವ ಒಣದ್ರಾಕ್ಷಿ ಕಾರ್ಖಾನೆಯನ್ನು ಕೆಲವು ವರ್ಷಗಳ ಹಿಂದೆ ನೆದರ್‌ಲೆಂಡ್ಸಿನ ಒಂದು ದೊಡ್ಡ ಕಂಪನಿ ಕೊಂಡಿತು. ಆ ಕಂಪನಿಗೆ ಟರ್ಕಿಯಲ್ಲಿ, ಚಿಲಿಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಕೂಡ ಇಂಥವೇ ಮರಿ ಕಂಪನಿಗಳಿವೆ. ಒಂದು ದೇಶದವರಿಗೆ ಗೊತ್ತಿದ್ದದ್ದು ಉಳಿದ ದೇಶದವರಿಗೂ ಗೊತ್ತಾಗಬೇಕು ಎಂಬುದು ಮುಖ್ಯ ಕಚೇರಿಯವರ ದಿನನಿತ್ಯದ ಜಪ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ಭಂಡಾರ ಮಾಡಿಟ್ಟಿದ್ದಾರೆ. ಯಾರು ಯಾವ ಕೆಲಸವನ್ನು ಚೆನ್ನಾಗಿ ಮಾಡುತ್ತಾರೋ ಅವರು ಅದರ ವಿಡಿಯೊ ತೆಗೆದು ಅಲ್ಲಿ ಹಾಕಬೇಕು, ಉಳಿದವರು ನೋಡಿ ಕಲಿಯಬೇಕು. ಜೊತೆಗೆ ಆಗಾಗ ಪರದೆಯ ಮೇಲೆ ಎಲ್ಲರೂ ಮುಖ ತೋರಿಸುವ ಸಭೆ. ಕೇಳಲು ಚಂದ. ಆದರೆ ಒಂದೇ ಮನೆಗೆ ಬಂದ ನೆಗೆಣ್ಣಿಯರ ಹಾಗೆ ನಾವು. ಅತ್ತೆಯ ಎದುರು "ಬಾರವ್ವ, ಹೇಳಿಕೊಡುತ್ತೇನೆ" ಎನ್ನುವುದು, ಮಸಾಲೆ ಹಾಕುವ ಹೊತ್ತಿಗೆ ಬೆನ್ನು ಅಡ್ಡ ಮಾಡುವುದು.

ನಮ್ಮ ರೋಗ ಇಷ್ಟು. ಇಲ್ಲಿಂದ ಹೊರಟಾಗ ನೋಡಲು ಬಿಡಿಬಿಡಿಯಾಗಿರುತ್ತಿದ್ದ ಒಣದ್ರಾಕ್ಷಿ ಯುರೋಪಿನ ಬಂದರು ಮುಟ್ಟುವಾಗ ಡಬ್ಬಿಯೊಳಗೆ ಒಂದೇ ಗಡ್ಡೆಯಾಗಿರುತ್ತಿತ್ತು. ಟರ್ಕಿಯವರ ಹಣ್ಣಿಗೆ ಈ ಕಾಟವಿಲ್ಲ. ಯಂತ್ರ ಅದೇ, ಹಣ್ಣು ಒಂದಕ್ಕೊಂದು ಅಂಟದಿರಲೆಂದು ಸಿಂಪಡಿಸುವ ಎಣ್ಣೆ ಅದೇ. ಅವರ ವಿಡಿಯೊ ನೋಡಿ ನೋಡಿ ನನಗೆ ಅದರ ಹಿನ್ನೆಲೆ ಸಂಗೀತ ಕೂಡ ಬಾಯಿಪಾಠವಾಗಿತ್ತು. ಅವರು ಮಾಡಿದ್ದನ್ನೇ ಮಾಡಿದೆವು, ಮತ್ತೆ ಗಡ್ಡೆ. ಕೊನೆಗೆ ಮುಖ್ಯ ಕಚೇರಿಯ ಯಾನ್ ಎಂಬಾತ, ಈ ಹಂಚಿಕೆಯ ಉಸ್ತುವಾರಿ ಅವನದೇ, ಸಭೆಯಲ್ಲಿ ಮೆತ್ತಗೆ ಹೇಳಿದ: ಈ ಹಂಗಾಮಿನಲ್ಲಿ ಸರಿಹೋಗದಿದ್ದರೆ ತಿಕೋಟಾದ ರಫ್ತಿನ ಲೈನನ್ನು ಮುಚ್ಚಿ ಯಂತ್ರಗಳನ್ನು ಟರ್ಕಿಗೆ ಸಾಗಿಸುತ್ತೇವೆ. ಅದಕ್ಕೂ ಮೊದಲು ಒಬ್ಬರನ್ನು ಕಳಿಸಿ, ಕಣ್ಣಾರೆ ನೋಡಿಕೊಂಡು ಬರಲಿ.

ರಫ್ತಿನ ಲೈನು ಮುಚ್ಚಿದರೆ ಅದರ ಮೇಲೆ ದುಡಿಯುವ ಹೆಂಗಸರೆಲ್ಲ ಮನೆಗೆ. ಅವರಿಗೆ ಬೇರೆ ಕೆಲಸವಿಲ್ಲವೆಂದಲ್ಲ. ನೆಳಲಿನಲ್ಲಿ ನಿಂತು ಮಾಡುವ, ತಿಂಗಳಿಗೊಮ್ಮೆ ಪಗಾರ ಬರುವ ಕೆಲಸ ಮತ್ತೆ ಸಿಗುವುದಿಲ್ಲ. ಅವರ ಮುಖಂಡಳು ಬಬಲೇಶ್ವರದಿಂದ ಬಸ್ಸು ಹಿಡಿದು ಬರುವ ಶಾಂತವ್ವ. ಹೊರಡುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ಅವರು ಏನರ ಮುಚ್ಚಿಟ್ಟಾರ, ನನಗ ಖಾತ್ರಿ ಐತಿ. ನೀವು ಸಿಟ್ಟಿಗೇಳಬ್ಯಾಡ್ರಿ. ಸುಮ್ನ ಕಣ್ಣ ಬಿಟ್ಕೊಂಡ ನಿಂದರ್ರಿ. ಎಲ್ಲಿ ಮುಚ್ಚತಾರ ನೋಡ್ಕೊಂಡ ಬರ್ರಿ."

"ಅವರ ಗುಟ್ಟ ತರತೇನಿ ಶಾಂತವ್ವ," ಎಂದೆ. ತರುತ್ತೇನೆಂಬ ಧೈರ್ಯ ನನಗೆ ನಿಜವಾಗಿಯೂ ಇತ್ತು.

ಇಜ್ಮಿರ್

ಪರದೇಶದಲ್ಲಿ ನನ್ನ ಗುರುತು ಮೊದಲು ಹೇಳಿದ್ದು ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ಇಜ್ಮಿರ್ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಚೀಲ ಬಿಚ್ಚಿಸಿ, ಡಬ್ಬಿ ತೆಗೆದು, ಮೂಸಿ ನೋಡಿದ. ಅದು ನನ್ನ ಅತ್ತೆ ಕುಟ್ಟಿದ ಹಿಂಡಿ, ಮೂಸುವುದಕ್ಕಲ್ಲ. ಪಾಪ, ಸೀನು ನಿಲ್ಲುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು. ಕೈ ಬೀಸಿ ಹೋಗು ಎಂದ. ಕಟಕ ರೊಟ್ಟಿಗಳು ದಾರಿಯಲ್ಲೇ ಚೂರಾಗಿ ಅರಿವೆಗಳ ಮಡಿಕೆಯಲ್ಲೆಲ್ಲ ಸೇರಿಕೊಂಡಿದ್ದವು. ಆ ವಾರವಿಡೀ ಸೀರೆ ಝಾಡಿಸಿದರೆ ಜೋಳದ ಹುಡಿ ಉದುರುತ್ತಿತ್ತು.

ಕರೆದೊಯ್ಯಲು ಬಂದವಳು ಎಲಿಫ್, ಟರ್ಕಿ ಕಾರ್ಖಾನೆಯಲ್ಲಿ ನನ್ನದೇ ಕೆಲಸ ಮಾಡುವ ಎಂಜಿನಿಯರು. ಇಬ್ಬರ ಇಂಗ್ಲಿಷೂ ಕುಂಟುವಂಥದ್ದೇ ಆದ್ದರಿಂದ ಚೆನ್ನಾಗಿ ಹೊಂದಿಕೊಂಡಿತು. ದಾರಿಯಲ್ಲಿ ಒಂದು ಖಾನಾವಳಿಯಲ್ಲಿ ಊಟಕ್ಕೆ ನಿಂತೆವು. ಊಟ ಮುಗಿದ ಮೇಲೆ ಮಾಲೀಕ ಗಾಜಿನ ಬಾಟಲಿ ಹಿಡಿದು ಬಂದು, ಕೈ ಚಾಚಿ ಎಂದು ಸನ್ನೆ ಮಾಡಿದ. ನಿಂಬೆಯ ಘಮಘಮ ವಾಸನೆ. ಹಿರಿಯ ಮನುಷ್ಯ, ಬಿಳಿ ಮೀಸೆ, ಬಾಗಿ ನಿಂತು ಅಂಗೈಗೆ ನೀರು ಹನಿಸುತ್ತಾನೆ. ನಮ್ಮ ಕೈಗೆ ಇಂಥ ಹೊತ್ತಿನಲ್ಲಿ ಬೇರೆ ಏನು ಗೊತ್ತು? ಎಡಗೈ ಕೆಳಗೆ ಬಲಗೈ ಮೇಲೆ, ತೀರ್ಥಕ್ಕೆಂಬಂತೆ ಗೋಕರ್ಣ ಮಾಡಿ, ಭಕ್ತಿಯಿಂದ ತುಟಿಯ ತನಕ ಒಯ್ದಿದ್ದೆ. ಎಲಿಫ್ ಕಿರುಚಿ ನನ್ನ ಮೊಣಕೈ ಹಿಡಿದೆಳೆದಳು. ಅದು ಅತಿಥಿಗಳು ಕೈಗೆ ಸವರಿಕೊಳ್ಳುವ ಅತ್ತರಿನಂಥದ್ದು, ಅರ್ಧಕ್ಕಿಂತ ಹೆಚ್ಚು ಸ್ಪಿರಿಟ್ಟು. ಮಾಲೀಕ ಗಾಬರಿಯಾಗಿ ನನಗೊಂದು ಲೋಟ ನೀರು ತಂದುಕೊಟ್ಟ. ನಾನು ತೀರ್ಥದ ವಿಷಯ ವಿವರಿಸಿದೆ, ಎಲಿಫ್ ಅನುವಾದಿಸಿದಳು, ಆತ ನಗಲಿಲ್ಲ, ಎದೆಯ ಮೇಲೆ ಕೈಯಿಟ್ಟು ಬಾಗಿದ. ಆ ಮನುಷ್ಯ ನನಗೆ ಬಹಳ ಹಿಡಿಸಿದ.

ಅಲಾಶೆಹಿರ್

ಕಾರ್ಖಾನೆ ಇರುವ ಅಲಾಶೆಹಿರ್ ಊರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ. ಕಣ್ಣು ಕಿರಿದು ಮಾಡಿ ನೋಡಿದರೆ ತಿಕೋಟಾ ದಾಟಿ ಬಾಬಾನಗರದ ಕಡೆ ಹೊರಟ ಹಾಗೆ. ಆದರೆ ಹಣ್ಣು ಒಣಗಿಸುವುದನ್ನು ಕಂಡು ನನ್ನ ಜೀವ ಚುರುಕ್ ಎಂದಿತು. ನಾವು ನೆಳಲಿನ ಶೆಡ್ಡಿನಲ್ಲಿ, ಬಲೆಯ ಅಟ್ಟಗಳ ಮೇಲೆ ಹಸುಗೂಸಿನ ಹಾಗೆ ಮಲಗಿಸಿ ಹಸಿರು ಉಳಿಸಿಕೊಳ್ಳುತ್ತೇವೆ. ಇವರು ನೆಲದ ಮೇಲೆ ಹಾಳೆ ಹಾಸಿ ರಣಬಿಸಿಲಿಗೆ ಸುರಿದು ಮನೆಗೆ ಹೋಗುತ್ತಾರೆ. ಹಣ್ಣು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಂಥವರಿಂದ ನಾನು ಕಲಿಯಬೇಕೆ ಎಂದು ಜಂಬ ತಲೆಯೆತ್ತಿತು. ತಿಂದು ನೋಡಿದೆ. ರುಚಿಯಾಗಿತ್ತು. ಆದರೂ ನಮ್ಮದೇ ಮೇಲು.

ಕಾರ್ಖಾನೆಯೊಳಗೆ ಹೆಜ್ಜೆ ಇಟ್ಟರೆ ಎಲ್ಲವೂ ನಮ್ಮದೇ. ಅದೇ ತೊಳೆಯುವ ಯಂತ್ರ, ಅದೇ ಅಲುಗುವ ಜಾಲರಿ, ಅದೇ ಎಣ್ಣೆ ಸಿಂಪಡಿಸುವ ಡ್ರಮ್ಮು. ಲೈನಿನ ಮೇಲೆ ಹೆಂಗಸರೇ, ನಮ್ಮವರು ಹೊಲದಲ್ಲಿ ಕಟ್ಟಿಕೊಳ್ಳುವ ಹಾಗೆ ತಲೆಗೆ ವಸ್ತ್ರ. ಅವರ ಮುಖಂಡಳು ಹಾತಿಜೆ, ನನಗಿಂತ ಹಿರಿಯಳು, ಭುಜ ಅಗಲ, ಮಾತು ಕಡಿಮೆ. ಹಣ್ಣು ಸರಿಯಾಗಿದೆಯೇ ಎಂದು ನೋಡುವ ಅವಳ ರೀತಿ ಹೀಗೆ: ಎಣ್ಣೆ ಆದ ಮೇಲೆ ಒಂದು ಮುಷ್ಟಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ ಕೈ ಬಿಚ್ಚುವುದು. ಒಳ್ಳೆಯ ಹಣ್ಣು ಬಿಡಿಬಿಡಿಯಾಗಿ ಉದುರುತ್ತದೆ. ಅವಳ ಹಣ್ಣು ಪ್ರತಿ ಸಲವೂ ಉದುರಿತು. ನಮ್ಮದನ್ನು ಹಾಗೆ ಹಿಂಡಿದ್ದರೆ ಶೇಂಗಾ ಉಂಡಿ ಕಟ್ಟಿದಂತಾಗುತ್ತಿತ್ತು.

ನಾನು ಶಾಂತವ್ವ ಹೇಳಿದಂತೆ ಕಣ್ಣು ಬಿಟ್ಟುಕೊಂಡು ನಿಂತೆ. ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹಣ್ಣು ತೊಳೆದು ಜಾಲರಿಯ ಮೇಲೆ ಬಂದು ಬೀಳುತ್ತದೆ, ಅಷ್ಟರಲ್ಲಿ ಗಂಟೆ. "ಚಾಯ್!" ಎಂದು ಹಾತಿಜೆ ಕೂಗುತ್ತಾಳೆ, ಎಲಿಫ್ ನನ್ನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಎಳೆದೊಯ್ಯುತ್ತಾಳೆ. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಕೆಂಪನೆಯ ಚಹಾ, ಹಾಲಿನ ಸುಳಿವಿಲ್ಲ. ಕುಡಿದಿಟ್ಟರೆ ಮತ್ತೆ ತುಂಬುತ್ತಾರೆ. ಬೇಡವೆಂದರೆ ನಾನು ಸಂಕೋಚಪಡುತ್ತಿದ್ದೇನೆ ಎಂದು ಇನ್ನೊಂದು. ಲೋಟದ ಮೇಲೆ ಚಮಚ ಅಡ್ಡ ಇಟ್ಟರೆ ಮಾತ್ರ ಸಾಕು ಎಂದರ್ಥವಂತೆ. ಅದು ಗೊತ್ತಾಗುವ ಮೊದಲೇ ನನ್ನ ಹೊಟ್ಟೆ ಕೆರೆಯಾಗಿತ್ತು. ಮರಳಿ ಬಂದರೆ ಎಣ್ಣೆಯ ಕೆಲಸ ಶುರುವಾಗುತ್ತದೆ. ಮತ್ತೊಂದು ಕಂತು ಹಣ್ಣು ತೊಳೆದಾಗ ಮತ್ತೆ ಗಂಟೆ, ಮತ್ತೆ ಚಾಯ್.

ಯಾರಿಗಾದರೂ ಅನುಮಾನ ಬರಬೇಕಲ್ಲ? ತೊಳೆಯುವುದಕ್ಕೂ ಎಣ್ಣೆಗೂ ನಡುವೆಯೇ ನನ್ನನ್ನು ಯಾಕೆ ಪ್ರತಿ ಸಲ ಹೊರಗೆ ಕರೆದೊಯ್ಯುತ್ತಾರೆ? ಆ ಹೊತ್ತಿನಲ್ಲಿ ಯಾರೋ ಬಂದು ಹಣ್ಣಿಗೆ ಏನೋ ಹಾಕುತ್ತಾರೆ. ನೆಗೆಣ್ಣಿ ಬೆನ್ನು ಅಡ್ಡ ಮಾಡುವುದು ಇಲ್ಲೇ. ರಾತ್ರಿ ಊಟಕ್ಕೆ ಮೊದಲು ಶಾಂತವ್ವನಿಗೆ ಫೋನು ಮಾಡಿ ಹೇಳಿದೆ.

"ನಾ ಹೇಳಿರಲಿಲ್ಲೇನ್ರಿ?" ಎಂದಳು. "ನಾಳೆ ಚಹಾಕ್ಕ ಹೋಗಬ್ಯಾಡ್ರಿ. ಅಲ್ಲೇ ಗಟ್ಟ್ಯಾಗಿ ನಿಂದರ್ರಿ."

ಚಹಾದ ಹೊತ್ತು

ಮರುದಿನ ಗಂಟೆ ಹೊಡೆದಾಗ ಹೊಟ್ಟೆ ಸರಿಯಿಲ್ಲ ಎಂದು ಎಲಿಫ್‌ಗೆ ಸನ್ನೆ ಮಾಡಿ ಲೈನಿನ ಬಳಿಯೇ ಉಳಿದೆ. ಹಾತಿಜೆ ಒಂದು ಸಲ ತಿರುಗಿ ನೋಡಿ ಹೋದಳು. ಶೆಡ್ಡಿನಲ್ಲಿ ನಾನೊಬ್ಬಳೇ. ಕಾದೆ. ಯಾರೂ ಬರಲಿಲ್ಲ. ಯಾವ ಬಾಗಿಲೂ ತೆರೆಯಲಿಲ್ಲ. ಎದುರಿಗೆ ತೊಳೆದ ಹಣ್ಣು ಜಾಲರಿಯ ಮೇಲೆ ಸುಮ್ಮನೆ ಬಿದ್ದುಕೊಂಡಿದೆ.

ಹಣ್ಣು ಹಾಗೆ ಬಿದ್ದುಕೊಂಡಿರುವುದನ್ನು ನೋಡುತ್ತ ನಿಲ್ಲುವುದು ನನ್ನಿಂದ ಆಗಲಿಲ್ಲ. ನಾನು ಜೈನಾಪುರದ ಒಕ್ಕಲುಮನೆಯವಳು. ರಾಶಿ ನಡೆದಾಗ ನಮ್ಮ ಮನೆಯಲ್ಲಿ ಯಾರೂ ಕುಳಿತವರಲ್ಲ. ಅವ್ವ ಚಹಾ ತಂದರೆ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಮೊರ. ಕಾರ್ಖಾನೆಯಲ್ಲೂ ನಮ್ಮ ಹೆಂಗಸರು ಹಾಗೆಯೇ. ಚಹಾ ಲೈನಿಗೇ ಬರುತ್ತದೆ, ಎರಡು ಗುಟುಕಿನಲ್ಲಿ ಮುಗಿಯುತ್ತದೆ, ಯಂತ್ರ ನಿಲ್ಲುವುದಿಲ್ಲ. ಅದು ನಮ್ಮ ಹೆಮ್ಮೆ. ಪಾಪ, ಇವರು ಬರುವಷ್ಟರಲ್ಲಿ ಇಷ್ಟು ಕೆಲಸ ಮುಗಿಸಿಟ್ಟರೆ ಖುಷಿಪಟ್ಟಾರು ಎನಿಸಿತು. ಯಂತ್ರ ನನಗೆ ಹೊಸದಲ್ಲ. ಹಿಡಿಕೆ ಎಳೆದೆ, ಹಣ್ಣು ಡ್ರಮ್ಮಿಗೆ ಬಿತ್ತು, ಎಣ್ಣೆ ಬಿಟ್ಟೆ. ಅವರು ಬರುವ ಹೊತ್ತಿಗೆ ಇಡೀ ಕಂತಿನ ಹಣ್ಣು ಮಿರಮಿರ ಮಿಂಚುತ್ತ ತಟ್ಟೆಗಳಲ್ಲಿ ಸಿದ್ಧವಾಗಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ, ಶಹಬ್ಬಾಸ್ ಬರಲಿ ಎಂದು.

ಹಾತಿಜೆ ಒಂದು ಮುಷ್ಟಿ ತೆಗೆದು ಹಿಂಡಿದಳು. ಕೈ ಬಿಚ್ಚಿದಳು. ಅಂಗೈಯಲ್ಲಿ ಉಂಡಿ.

ಆಮೇಲೆ ಅವಳು ಆಡಿದ ಮಾತುಗಳನ್ನು ಎಲಿಫ್ ಅನುವಾದಿಸಲಿಲ್ಲ. ಅನುವಾದ ಬೇಕಾಗಿಯೂ ಇರಲಿಲ್ಲ, ಬೈಗುಳಕ್ಕೆ ಎಲ್ಲ ಕಡೆ ಒಂದೇ ರಾಗ. ಆದರೆ ನಾನು ಆ ಉಂಡಿಯನ್ನೇ ನೋಡುತ್ತಿದ್ದೆ. ಇದು ನನಗೆ ಗೊತ್ತಿರುವ ಉಂಡಿ. ಇದು ತಿಕೋಟಾದ ಉಂಡಿ! ಅವರ ಹಣ್ಣಿನಿಂದ, ಅವರ ನೀರಿನಲ್ಲಿ, ಅವರ ಯಂತ್ರದಲ್ಲಿ, ನಾನು ನಮ್ಮೂರ ರೋಗವನ್ನು ಅಚ್ಚುಕಟ್ಟಾಗಿ ಮಾಡಿಟ್ಟಿದ್ದೆ. ಅವರು ಮಾಡುವುದಕ್ಕೂ ನಾನು ಮಾಡಿದ್ದಕ್ಕೂ ವ್ಯತ್ಯಾಸ ಒಂದೇ, ನಾನು ಚಹಾ ಕುಡಿಯಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಹಾತಿಜೆಯ ಎರಡೂ ಕೈ ಹಿಡಿದುಕೊಂಡು ನಕ್ಕೆ, ಜೊತೆಗೆ ಕಣ್ಣೀರೂ ಬಂತು. ಈ ಹಿಂದೂಸ್ತಾನದ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ಸುತ್ತ ನೆರೆದರು. ಎಲಿಫ್‌ಗೆ ನಿಧಾನವಾಗಿ ಹೇಳಿದೆ: ನೀವು ಚಹಾ ಕುಡಿಯುವಷ್ಟು ಹೊತ್ತು ಹಣ್ಣು ಆರುತ್ತದೆ. ಮೈಮೇಲಿನ ನೀರು ಹೋದ ಮೇಲೆ ಎಣ್ಣೆ ಹಿಡಿಯುತ್ತದೆ. ನಾವು ನಿಲ್ಲದೆ ಓಡಿಸುತ್ತೇವೆ, ಒದ್ದೆ ಮೈಗೇ ಎಣ್ಣೆ ಬಳಿದು ನೀರನ್ನು ಒಳಗೇ ಮುಚ್ಚಿ ಕಳಿಸುತ್ತೇವೆ.

ಎಲಿಫ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ವಿಡಿಯೊ ತೆಗೆದದ್ದು ನಾನೇ," ಎಂದಳು. "ಎಲ್ಲವನ್ನೂ ತೆಗೆದೆ. ಚಹಾ ಬಂದಾಗ ಕ್ಯಾಮೆರಾ ನಿಲ್ಲಿಸಿದೆ. ಅದು ಕೆಲಸವಲ್ಲವಲ್ಲ!"

ಮುಂದಿನ ಕಂತನ್ನು ಎರಡು ಭಾಗ ಮಾಡಿ ನೋಡಿದೆವು. ಆರಿದ್ದು ಉದುರಿತು. ಆರದೆ ಇದ್ದದ್ದು ಉಂಡಿ ಕಟ್ಟಿತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ತಮಗೆ ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹಾತಿಜೆಯ ಮನೆ

ಅಂದು ಸಂಜೆ ಹಾತಿಜೆ ನಮ್ಮಿಬ್ಬರನ್ನೂ ಮನೆಗೆ ಕರೆದಳು. ಬಾಗಿಲಲ್ಲೇ ಚಪ್ಪಲಿ ಬಿಡುವುದು ಕಂಡು ನನಗೆ ಅರ್ಧ ಊರಿಗೆ ಬಂದಷ್ಟು ಸಮಾಧಾನ. ಅವಳ ತೆಳ್ಳನೆಯ ರೊಟ್ಟಿಯ ಜೊತೆ ನನ್ನ ಶೇಂಗಾ ಹಿಂಡಿ ಇಟ್ಟೆ. ಅವಳ ಗಂಡ ಒಂದು ತುತ್ತು ತಿಂದು ನೀರು ಕೇಳಿದ. ಹಾತಿಜೆ ತಟ್ಟೆ ಬಳಿದು ತಿಂದಳು.

ನಮ್ಮೂರಿನ ಗೋಳಗುಮ್ಮಟದ ಫೋಟೊ ತೋರಿಸಿದೆ. ನಮ್ಮೂರನ್ನು ಆಳಿದ ಸುಲ್ತಾನರ ಮೂಲಪುರುಷ ನಿಮ್ಮ ಕಡೆಯಿಂದಲೇ ಬಂದವನಂತೆ, ಹಾಗೆಂದು ನಮ್ಮಲ್ಲಿ ಹೇಳುತ್ತಾರೆ ಎಂದೆ. ಗಂಡನಿಗೆ ಬಹಳ ಖುಷಿಯಾಯಿತು. ಹಾತಿಜೆ ಮಾತ್ರ ಏನೋ ಯೋಚಿಸುತ್ತಿದ್ದಳು. ಕೊನೆಗೆ ಎಲಿಫ್ ಕಡೆ ತಿರುಗಿ ಸುದೀರ್ಘವಾಗಿ ಏನೋ ಹೇಳಿದಳು.

"ನೀವು ಬಂದಾಗಿನಿಂದ ಇವಳಿಗೆ ನಿದ್ದೆ ಇಲ್ಲವಂತೆ," ಎಂದಳು ಎಲಿಫ್. "ನಮ್ಮ ಲೈನನ್ನು ಇಂಡಿಯಾಕ್ಕೆ ಒಯ್ಯಲು ಮುಖ್ಯ ಕಚೇರಿಯವರು ನಿಮ್ಮನ್ನು ನೋಡಿ ಬಾ ಎಂದು ಕಳಿಸಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಚಹಾ ಮೇಲೆ ಚಹಾ ಕೊಟ್ಟದ್ದು, ನಿಮ್ಮ ಮನಸ್ಸು ಕರಗಲಿ ಅಂತ."

ನಾನು ತಲೆ ತಗ್ಗಿಸಿದೆ. ಮತ್ತೆ ತಲೆಯೆತ್ತಿ, ನಾವು ಅವರ ಬಗ್ಗೆ ಅಂದುಕೊಂಡಿದ್ದನ್ನೂ ಒಂದೂ ಬಿಡದೆ ಹೇಳಿದೆ. ಯಂತ್ರ ಟರ್ಕಿಗೆ ಹೋಗುತ್ತದೆಂದು ಹೆದರಿದ ನಾವು, ಇಂಡಿಯಾಕ್ಕೆ ಹೋಗುತ್ತದೆಂದು ಹೆದರಿದ ಅವರು. ಮುಖ್ಯ ಕಚೇರಿಯೆಂಬ ಅತ್ತೆಮನೆಯವರು ಜಾಣರು, ಎರಡೂ ಕಡೆ ಹೆದರಿಕೆ ಇಟ್ಟಿದ್ದಾರೆ ಎಂದೆ. ಎಲಿಫ್ ಅದನ್ನು ಹೇಗೆ ಅನುವಾದಿಸಿದಳೋ, ಹಾತಿಜೆ ತೊಡೆ ತಟ್ಟಿಕೊಂಡು ನಕ್ಕಳು. ಅವತ್ತಿನಿಂದ ಅವಳು ನನಗೆ ಹಾತಿಜಕ್ಕ.

ಹೊರಡುವ ಮೊದಲು ಯಾನ್‌ನ ಜೊತೆ ಪರದೆಯ ಮೇಲೆ ಮಾತಾಯಿತು. ವಿಷಯ ತಿಳಿದು ಅವನು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದ. ಎಷ್ಟು ಹೊತ್ತು ಆರಬೇಕು ಎಂದು ಕೇಳಿದ. ಹಾತಿಜಕ್ಕ "ಒಂದು ಲೋಟ ಚಹಾ" ಎಂದಳು. ನಿಮಿಷದಲ್ಲಿ ಹೇಳಿ ಎಂದ. ಮಾತು ಚೆನ್ನಾಗಿದ್ದರೆ ಎರಡು ಲೋಟ ಎಂದಳು. ನಿಮಿಷದ ಲೆಕ್ಕ ಎಲಿಫ್ ಹಾಕಿ ಕಳಿಸುತ್ತಾಳೆಂದು ತೀರ್ಮಾನವಾಯಿತು. ತಿಕೋಟಾದಿಂದ ಒಂದು ಕಂಟೇನರ್ ಈ ರೀತಿ ಮಾಡಿ ಕಳಿಸಿ, ಅದು ಬಿಡಿಬಿಡಿಯಾಗಿ ಮುಟ್ಟಿದರೆ ಲೈನು ಉಳಿಯುತ್ತದೆ ಎಂದ ಯಾನ್.

ಮತ್ತೆ ತಿಕೋಟಾ

ಕಷ್ಟವೆಲ್ಲ ಮುಗಿಯಿತೆಂದು ಬಂದರೆ ನಿಜವಾದ ಪರದೇಶ ನಮ್ಮ ಕಾರ್ಖಾನೆಯಲ್ಲೇ ಕಾದಿತ್ತು. ಮ್ಯಾನೇಜರ್ ಬಿರಾದಾರ ಸಾಹೇಬರು ಒಳ್ಳೆಯವರು. ಆದರೆ ಕೆಲಸಗಾರರು ಕುಳಿತದ್ದು ಕಂಡರೆ ಅವರಿಗೆ ಮೈಯಲ್ಲಿ ಇರುವೆ ಹರಿದಂತಾಗುತ್ತದೆ.

"ಹಣ್ಣ ಆರಲಿ ರೀ, ಬ್ಯಾಡ ಅಂದವರ್ಯಾರು?" ಎಂದರು. "ಅಷ್ಟೊತ್ತಿಗೆ ಹೆಣ್ಮಕ್ಕಳು ಅಲ್ಲೇ ಬಾಜೂಕ ಡಬ್ಬಿ ಹಚ್ಚಲಿ. ಹಣ್ಣಿಗೆ ವಿಶ್ರಾಂತಿ ಬೇಕು, ಇವರಿಗ್ಯಾಕ?"

"ಸರ್, ಅಲ್ಲಿ ಎಲ್ಲಾರೂ ಎದ್ದ ಹೋಗಿ ಕೂಡ್ತಾರ್ರಿ. ಅದಕ್ಕ ಹಣ್ಣ ಆರತೈತಿ. ನಮ್ಮವರನ್ನ ಲೈನಿನ ಬಾಜೂಕ ನಿಲ್ಲಿಸಿದ್ರ ಸುಮ್ನ ನಿಲ್ಲೂದಿಲ್ಲ. ನಾನ ನಿಲ್ಲಲಿಲ್ಲ."

ಸಾಹೇಬರು ಕೇಳಲಿಲ್ಲ. ಮೊದಲ ದಿನ ಹೆಂಗಸರು ಪಕ್ಕದಲ್ಲೇ ಡಬ್ಬಿ ಜೋಡಿಸಿದರು. ಶಾಂತವ್ವ ಒಂದು ಸಲ ಹಣ್ಣಿನ ಕಡೆ ನೋಡಿದಳು, ಎರಡನೆಯ ಸಲ ನೋಡಿದಳು, ಮೂರನೆಯ ಸಲ ಅವಳ ಕೈ ತಾನಾಗಿಯೇ ಹೋಗಿ ಹಿಡಿಕೆ ಎಳೆಯಿತು. ಎಳೆದ ಮೇಲೆ "ಅಯ್ಯ ನನ್ನ ಕೈಯ!" ಎಂದು ತಲೆಗೆ ಬಡಿದುಕೊಂಡಳು. ಸಾಹೇಬರು ಸ್ವತಃ ಮುಷ್ಟಿ ಹಿಂಡಿ ನೋಡಿದರು. ಉಂಡಿ. ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಆಚೆಯ ಕೋಣೆಯಲ್ಲಿ ಬೆಂಚು ಹಾಕಿಸಿದರು. ಒಂದು ಗಂಟೆಯನ್ನೂ ತರಿಸಿದರು.

ಮರುದಿನ ಗಂಟೆ ಹೊಡೆದಾಗ ನಮ್ಮ ಹೆಂಗಸರು ಬೆಂಚಿನ ತುದಿಯಲ್ಲಿ, ಬೀಗರ ಮನೆಯಲ್ಲಿ ಕುಳಿತಂತೆ ಕುಳಿತರು. ಬಟ್ಟಲು ಒಂದೇ ಗುಟುಕಿಗೆ ಖಾಲಿ. ಏಳಬೇಕೆಂದು ಚಡಪಡಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಒಬ್ಬಳು ಮಗಳ ಗಂಡನ ಮನೆಯ ಸುದ್ದಿ ತೆಗೆದಳು, ಇನ್ನೊಬ್ಬಳು ಕಾಲು ಚಾಚಿದಳು, ಯಾರೋ ನಕ್ಕರು. ಅಂದಿನ ಹಣ್ಣನ್ನು ಶಾಂತವ್ವ ಹಿಂಡಿ ಕೈ ಬಿಚ್ಚಿದಾಗ ಬೆರಳ ಸಂದಿಯಿಂದ ಎಲ್ಲವೂ ಪುಳಪುಳನೆ ಉದುರಿದವು. ಆ ಹಣ್ಣೇ ಕಂಟೇನರ್ ತುಂಬಿ ಹೋಯಿತು.

ಅದು ಬಂದರು ಮುಟ್ಟುವ ತನಕ ನನಗೆ ಅನ್ನ ಸೇರಲಿಲ್ಲ. ಧೈರ್ಯವಿರಲಿಲ್ಲವೆಂದಲ್ಲ, ಧೈರ್ಯಕ್ಕೂ ಹಸಿವಿಗೂ ಸಂಬಂಧವಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬಿರಾದಾರ ಸಾಹೇಬರು ಆಫೀಸಿನಿಂದ ಲೈನಿನ ತನಕ ಓಡಿಕೊಂಡೇ ಬಂದರು. ಅವರು ಓಡಿದ್ದನ್ನು ನಾವ್ಯಾರೂ ಅದುವರೆಗೆ ಕಂಡಿರಲಿಲ್ಲ.

"ಬಿಡಿಬಿಡಿ ಮುಟ್ಟ್ಯಾವ ಅಂತ! ಲೈನ್ ಉಳದದ ನೋಡ್ರಿ! ಯಂತ್ರ ಎಲ್ಲೂ ಹೋಗೂದಿಲ್ಲ!"

ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಆಮೇಲೆ ನನ್ನ ಮುಖವನ್ನೂ ಒರೆಸಿದಳು. ಸಾಹೇಬರಿಗೆ ಉಮೇದು ಬಂದಿತ್ತು. ಎಲ್ಲರನ್ನೂ ಲೈನಿನ ಎದುರು ಸಾಲಾಗಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ದುಡಿಮೆಯ ಮಹತ್ವದ ಬಗ್ಗೆ, ಕ್ಷಣಹೊತ್ತೂ ಪೋಲು ಮಾಡದ ನಮ್ಮ ಸಂಸ್ಕೃತಿಯ ಬಗ್ಗೆ ಭಾಷಣ ಶುರುಮಾಡಿದರು. ಅಷ್ಟರಲ್ಲಿ ತೊಳೆದ ಹಣ್ಣು ಜಾಲರಿಗೆ ಬಿತ್ತು, ಗಂಟೆ ಹೊಡೆಯಿತು.

ಶಾಂತವ್ವ ಸಾಲಿನಿಂದ ಈಚೆ ಬಂದಳು.

"ಸಾಹೇಬ್ರ, ಹಣ್ಣ ಆರಾಕ ಬಿದ್ದಾವ್ರಿ. ಒಳಗ ಬರ್ರಿ. ಉಳದದ್ದ ಕುಂತ ಕೇಳ್ತೇವಿ."